ಮಳೆ ಲೆಕ್ಕದ ಪುಸ್ತಕದಲ್ಲಿ ಮೂತ್ರದ ಲೆಕ್ಕ

ನನ್ನ ಮೂತ್ರಕೋಶದಲ್ಲಿ ಬೀಡುಬಿಟ್ಟಿದ್ದ ಫೋಲಿ ಕ್ಯಾಥೆಟರನ್ನು, ಅಂದರೆ ತುದಿಯ ಬಲೂನಿನಿಂದ ಒಳಗೇ ನಿಂತು ಮೂತ್ರವನ್ನು ಬ್ಯಾಗಿಗೆ ಹರಿಸುವ ನಳಿಕೆಯನ್ನು, ತೆಗೆಸಿ ಈ ಜನವರಿಗೆ ಹದಿನಾಲ್ಕು ತಿಂಗಳಾಯಿತು. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೂ ಹರಡಿರುವ, ಎಪ್ಪತ್ತು ದಾಟಿದ ನನ್ನಂಥ ಕಾಫಿ ಬೆಳೆಗಾರನೊಬ್ಬ ಮೂಡಿಗೆರೆ ತಾಲ್ಲೂಕಿನ ತೋಟದ ಮನೆಯಲ್ಲಿ ದಿನಕ್ಕೆ ನಾಲ್ಕೈದು ಸಲ ತಾನೇ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳುತ್ತಾನೆ ಎಂದಾಗ ಬೆಂಗಳೂರಿನಲ್ಲಿರುವ ನನ್ನ ಮಗ, "ಅಪ್ಪ, ಅದು ಆಗೋ ಕೆಲಸ ಅಲ್ಲ, ಇನ್‌ಫೆಕ್ಷನ್ ಆಗುತ್ತೆ" ಎಂದ. ನನ್ನ ಭಾವಮೈದುನ, "ಕೈ ನಡುಗೋ ವಯಸ್ಸಲ್ಲಿ ಇದೆಲ್ಲ ಯಾಕೆ ಭಾವ, ಬ್ಯಾಗೇ ಇರಲಿ ಬಿಡಿ" ಎಂದ. ಈಗ ಇಬ್ಬರೂ ತಮಗೆ ಗೊತ್ತಿರುವ ರೋಗಿಗಳನ್ನು ನನ್ನ ಹತ್ತಿರ ಕಳುಹಿಸುತ್ತಾರೆ. ಈ ಕಾಯಿಲೆಯಲ್ಲಿ ಇರುವವರಿಗೆ ನಳಿಕೆ, ಬ್ಯಾಗು ಎಂದರೇನು ಎಂದು ವಿವರಿಸಬೇಕಾಗಿಲ್ಲವಾದ್ದರಿಂದ ನೇರವಾಗಿ ನನ್ನ ಪಾಡಿಗೆ ಬರುತ್ತೇನೆ. ಪುಸ್ತಕದಲ್ಲಿ ಬರೆದವನ್ನು ಬಿಟ್ಟರೆ ಅಂಕಿಗಳೆಲ್ಲ ನೆನಪಿನವು, ಸ್ವಲ್ಪ ಹಿಂದುಮುಂದಾಗಿರಬಹುದು.

ಮುಂಗಾರಿಗೆ ಮೊದಲು, ಮೇ ಕೊನೆಯಲ್ಲಿ, ಒಂದು ಬೆಳಿಗ್ಗೆ ಹನಿ ಮೂತ್ರವೂ ಬರಲಿಲ್ಲ. ಅದಕ್ಕೆ ಹಿಂದಿನ ಎರಡು ದಿನ ನೆಗಡಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯನ್ನು ನುಂಗಿದ್ದೆ. ಪ್ರಾಸ್ಟೇಟ್ ಗಡ್ಡೆಯಿಂದ ಈಗಾಗಲೇ ಕಿರಿದಾಗಿದ್ದ ಮೂತ್ರದ ದಾರಿಯನ್ನು ಆ ಮಾತ್ರೆ ಪೂರ್ತಿ ಮುಚ್ಚಿಸಿತು ಎಂಬುದು ಆಮೇಲೆ ತಿಳಿಯಿತು. ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ ನಳಿಕೆ ಮೂತ್ರಕೋಶವನ್ನು ತಲುಪುವ ಮುನ್ನವೇ ಬಲೂನಿಗೆ ನೀರು ತುಂಬಿಸಿದ್ದರಿಂದ ರಕ್ತ ಸುರಿದು, ನೋವಿಗೆ ನಾನು ಮಂಚದ ಕಂಬಿಯನ್ನೇ ಬಗ್ಗಿಸುವಂತೆ ಹಿಡಿದುಕೊಂಡಿದ್ದೆ. ಅಲ್ಲಿಂದ ಬೇಲೂರು ಮಾರ್ಗವಾಗಿ ಹಾಸನಕ್ಕೆ ಟ್ಯಾಕ್ಸಿಯಲ್ಲಿ ಎರಡು ಗಂಟೆ. ಅಲ್ಲಿನ ಮೂತ್ರರೋಗ ತಜ್ಞರು ಬಾಗಿದ ತುದಿಯ ನಳಿಕೆಯನ್ನು ತುದಿ ಮೇಲ್ಮುಖವಾಗಿರುವಂತೆ ಹಿಡಿದು ಒಂದೇ ಸಲಕ್ಕೆ ದಾಟಿಸಿದರು. ಒಂದು ಲೀಟರು ನಾನೂರು ಮಿ.ಲೀ. ಬಂದಿತು. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.8 ಇತ್ತು, ಎರಡೂ ಮೂತ್ರಪಿಂಡಗಳು ಊದಿಕೊಂಡಿದ್ದವು. ಆ ರಾತ್ರಿ ಮತ್ತು ಮರುದಿನ ಸೇರಿ ಐದಾರು ಲೀಟರು ಹರಿದುಹೋಯಿತು. ತಡೆ ಬಿಟ್ಟ ಮೇಲೆ ಹೀಗೆ ಸುರಿಯುತ್ತದೆ, ಆಗ ರೋಗಿಯನ್ನು ಮನೆಗೆ ಕಳುಹಿಸಬಾರದು ಎಂದು ಅವರು ಡ್ರಿಪ್ ಹಾಕಿ ಉಳಿಸಿಕೊಂಡರು. ಈ ಕ್ಯಾನ್ಸರಿನ ಏರಿಳಿತವನ್ನು ತೋರಿಸುವ ರಕ್ತಪರೀಕ್ಷೆಯಾದ ಪಿ.ಎಸ್.ಎ. ನಾನೂರರ ಮೇಲಿತ್ತು.

ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನು ಇಳಿಸುವುದಕ್ಕೆ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಅಥವಾ ಒಮ್ಮೆಗೇ ವೃಷಣ ತೆಗೆಸುವ ಶಸ್ತ್ರಚಿಕಿತ್ಸೆ, ಎರಡರಲ್ಲಿ ಒಂದನ್ನು ಆರಿಸಲು ಹೇಳಿದರು. ಚುಚ್ಚುಮದ್ದು ಒಂದಕ್ಕೆ ಆಗ ಹತ್ತು ಹನ್ನೆರಡು ಸಾವಿರ. ಶಸ್ತ್ರಚಿಕಿತ್ಸೆ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ. ನಮ್ಮದು ಎ.ಪಿ.ಎಲ್. ಕಾರ್ಡು, ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಮ್ಮಂಥವರಿಗೆ ಆಗ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುತ್ತಿತ್ತು. ವೃಷಣ ತೆಗೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಹಗಿನ್ಸ್ ಎಂಬ ವೈದ್ಯರು 1941ರಲ್ಲೇ ತೋರಿಸಿದ್ದರು, 1966ರಲ್ಲಿ ಅವರಿಗೆ ನೊಬೆಲ್ ಬಂತು ಎಂದು ತಜ್ಞರು ಹೇಳಿದಾಗ, ಅಷ್ಟು ಹಳೆಯ ವಿದ್ಯೆ ಕೈಕೊಡಲಾರದು ಎಂದುಕೊಂಡು ಒಪ್ಪಿದೆ. ಹೆಂಡತಿಯೊಡನೆ ಅರ್ಧ ಗಂಟೆ ಮಾತಾಡಿದ್ದಷ್ಟೇ, ಹೆಚ್ಚು ಯೋಚಿಸಲಿಲ್ಲ. ಮೈ ಬಿಸಿಯೇರುವ ಕಾಟವೊಂದನ್ನು ಬಿಟ್ಟರೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಜೂನಿನಿಂದ ಅಕ್ಟೋಬರ್ ಕೊನೆಯವರೆಗೆ ನಳಿಕೆ ಒಳಗೇ ಇತ್ತು. ಆ ಐದು ತಿಂಗಳಲ್ಲಿ ಕಲಿತದ್ದರಲ್ಲಿ ಬಹುಪಾಲು ಪೆಟ್ಟು ತಿಂದು ಕಲಿತದ್ದು. ಬ್ಯಾಗನ್ನು ತೊಡೆಗೆ ಕಟ್ಟಿಕೊಂಡು ಜೀಪು ಹತ್ತುವಾಗ ಕೊಳವೆ ಬಾಗಿಲ ಹಿಡಿಗೆ ಸಿಕ್ಕಿ ಎಳೆದು, ಬಲೂನು ಒಳಗಿನಿಂದಲೇ ಕಿತ್ತುಬಂದಂತಾಗಿ ಮೂರು ದಿನ ಕೆಂಪು ಮೂತ್ರ. ಅಂದಿನಿಂದ ನಳಿಕೆಯನ್ನು ಪ್ಲಾಸ್ಟರಿನಿಂದ ಹೊಟ್ಟೆಯ ಕೆಳಭಾಗಕ್ಕೆ, ಸ್ವಲ್ಪ ಸಡಿಲ ಬಿಟ್ಟು ಅಂಟಿಸಿಕೊಳ್ಳುತ್ತಿದ್ದೆ. ಪ್ಯಾಂಟಿಗಿಂತ ಪಂಚೆಯೇ ಲೇಸು. ಪಂಚೆಯೊಳಗೆ ಬ್ಯಾಗು ಕಾಣದಂತೆ ಬಸ್ಸಿನಲ್ಲಿ ಕುಳಿತುಕೊಳ್ಳುವ ಒಂದು ಕಟ್ಟು ನನ್ನದೇ ಆವಿಷ್ಕಾರ, ಅದನ್ನು ಎದುರಿಗೆ ಬಂದವರಿಗೆ ತೋರಿಸಬಲ್ಲೆನೇ ಹೊರತು ಬರವಣಿಗೆಯಲ್ಲಿ ವಿವರಿಸಲಾರೆ. ಹೊಟ್ಟೆ ಕಟ್ಟಿದ ದಿನ ಮೂತ್ರಕೋಶ ಹಿಂಡಿದಂತಾಗಿ ನಳಿಕೆಯ ಪಕ್ಕದಿಂದ ಸೋರುತ್ತಿತ್ತು. ಅದಕ್ಕೆ ದಪ್ಪ ನಳಿಕೆ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬರು 20ರ ಅಳತೆಯದನ್ನು ಹಾಕಿ ಸೋರಿಕೆಯನ್ನು ಇನ್ನೂ ಹೆಚ್ಚಿಸಿದರು. ಮಲ ಸಡಿಲವಾಗುವ ಔಷಧಿ ತೆಗೆದುಕೊಂಡು 16ಕ್ಕೆ ಮರಳಿದ ಮೇಲೆ ನಿಂತಿತು.

ಜುಲೈನ ಆ ರಾತ್ರಿಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ, ಫೋನಿಲ್ಲ. ಎರಡು ಗಂಟೆಗೆ ಎಚ್ಚರವಾದಾಗ ಬ್ಯಾಗು ಖಾಲಿ, ಕೆಳಹೊಟ್ಟೆ ಕಲ್ಲಿನಂತೆ ಬಿಗಿ. ಕೊಳವೆ ಮಡಚಿಲ್ಲ, ಬ್ಯಾಗು ಮಂಚಕ್ಕಿಂತ ಕೆಳಗೇ ಇದೆ. ಸಿಸ್ಟರ್ ಕಲಿಸಿದ್ದಂತೆ 50 ಮಿ.ಲೀ. ಸಿರಿಂಜಿನಿಂದ ನೀರು ತಳ್ಳಲು ನೋಡಿದರೆ ಒಳಗೆ ಹೋಗಲಿಲ್ಲ. ಜೀಪು ಹೊರಡಿಸಿದರೆ ಅರ್ಧ ಮೈಲಿಗೆ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಸಿಲ್ವರ್ ಮರವೊಂದು ಅಡ್ಡ ಬಿದ್ದಿತ್ತು. ತೋಟದ ಲೆಕ್ಕ ನೋಡುವ ರೈಟರು ಕೂಲಿ ಲೈನಿನ ಮನೆಗಳಿಂದ ನಾಲ್ಕು ಜನರನ್ನು ಎಬ್ಬಿಸಿ ತಂದು ಗರಗಸ ಹಾಕಿಸಿ, ತಾಲ್ಲೂಕು ಆಸ್ಪತ್ರೆ ಮುಟ್ಟಿದಾಗ ಆರು ಗಂಟೆ. ಹೊರತೆಗೆದ ನಳಿಕೆಯ ತುದಿಯಲ್ಲಿ ಸುಣ್ಣದ ಗಾರೆಯಂಥ ಪದರ ಕಟ್ಟಿ ರಂಧ್ರವನ್ನು ಮುಚ್ಚಿತ್ತು. ಕೆಲವು ಬ್ಯಾಕ್ಟೀರಿಯಾಗಳು ಮೂತ್ರವನ್ನು ಕ್ಷಾರಗೊಳಿಸಿ ಲವಣಗಳನ್ನು ಹೀಗೆ ಕಟ್ಟಿಸುತ್ತವೆಯಂತೆ. ನೂರೈವತ್ತು ರೂಪಾಯಿಯ ಲ್ಯಾಟೆಕ್ಸ್ ನಳಿಕೆಯನ್ನು ದುಡ್ಡು ಉಳಿಸಲು ಏಳು ವಾರ ಎಳೆದಿದ್ದೆ. ಮೂರು ನಾಲ್ಕು ವಾರಕ್ಕೆ ಬದಲಿಸಬೇಕಾಗಿತ್ತು. ಆಮೇಲೆ ಎಂಟುನೂರರ ಹತ್ತಿರದ ಸಿಲಿಕೋನ್ ನಳಿಕೆ ಹಾಕಿಸಿಕೊಂಡೆ. ಜಿಪುಣತನದ ಆ ಒಂದು ರಾತ್ರಿಗೆ ಆಳುಗಳ ಕೂಲಿ, ಡೀಸೆಲು, ಆಸ್ಪತ್ರೆ ಸೇರಿ ಮೂರು ಸಾವಿರ ಹೋಯಿತು.

ನಳಿಕೆ ತೆಗೆದು ನೋಡುವ ಪರೀಕ್ಷೆ ಎರಡು ಸಲ ಸೋತಿತು. ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಾ ಐದನೆಯ ದಿನ ತೆಗೆಸಿದಾಗ ಸಂಜೆಯೊಳಗೆ ಮತ್ತೆ ಹಾಕಬೇಕಾಯಿತು. ಆಗಸ್ಟಿನಲ್ಲಿ ಎರಡನೆಯ ಸಲವೂ ಹಾಗೇ ಆಯಿತು. ಮುಂದಿನ ದಾರಿಯೆಂದು ವೈದ್ಯರು ಎರಡು ಮಾತು ಹೇಳಿದರು: ಹೊಟ್ಟೆಯ ಕೆಳಭಾಗದಲ್ಲಿ ರಂಧ್ರ ಮಾಡಿ ನಳಿಕೆ ಇಡುವುದು, ಇಲ್ಲವೇ ಒಳಗಿನಿಂದ ಗಡ್ಡೆಯನ್ನು ಕೊರೆದು ದಾರಿ ಮಾಡುವುದು. ಎರಡನೆಯದಕ್ಕೆ ಅರವತ್ತು ಎಪ್ಪತ್ತು ಸಾವಿರ, ಅಲ್ಲದೆ ಗಡ್ಡೆಯು ಮೂತ್ರ ತಡೆಹಿಡಿಯುವ ಸ್ನಾಯುವಿನವರೆಗೂ ಬಂದಿರುವುದರಿಂದ ಮುಂದೆ ಮೂತ್ರ ತಡೆಯಲಾರದೆ ಹೋಗುವ ಭಯ. ಪಿ.ಎಸ್.ಎ. ಆಗಲೇ ಇಪ್ಪತ್ತಕ್ಕೆ ಇಳಿದಿತ್ತು. ಗಡ್ಡೆ ಕುಗ್ಗುತ್ತಿದೆ, ಸಮಯ ಕೊಟ್ಟರೆ ದಾರಿ ತಾನೇ ಬಿಡಬಹುದು, ಅಲ್ಲಿಯವರೆಗೆ ನಾನೇ ಹಾಕಿ ತೆಗೆಯುತ್ತೇನೆ ಎಂದು ಕೇಳಿದೆ. ಅವರು ನನ್ನ ಕೈಗಳನ್ನು ಮುಂದೆ ಚಾಚಿಸಿ ನೋಡಿ, "ಯಜಮಾನರೇ, ದಿನಕ್ಕೆ ಐದು ಸಲ, ಒಂದನ್ನೂ ತಪ್ಪಿಸೋ ಹಾಗಿಲ್ಲ, ಆಗುತ್ತಾ?" ಎಂದರು. ನಲವತ್ತು ವರ್ಷ ಪ್ರತಿದಿನ ಬೆಳಿಗ್ಗೆ ಮಳೆ ಅಳೆದು ಬರೆದವನಿಗೆ ಅದೊಂದು ಪ್ರಶ್ನೆಯೇ ಎಂದೆ.

ಮಗನ ಇನ್‌ಫೆಕ್ಷನ್ನಿನ ಭಯಕ್ಕೆ ಉತ್ತರವೂ ಅವರಿಂದಲೇ ಸಿಕ್ಕಿತು. 1972ರಲ್ಲಿ ಅಮೆರಿಕದ ಮಿಶಿಗನ್ನಿನ ಜ್ಯಾಕ್ ಲ್ಯಾಪಿಡೀಸ್ ಎಂಬ ತಜ್ಞರು ರೋಗಿಯೇ ನಳಿಕೆ ಹಾಕಿ ತೆಗೆಯುವ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದಾಗ, ಕೈ ತೊಳೆದ ಶುಚಿತ್ವ ಸಾಕು, ಮೂತ್ರಕೋಶ ಉಬ್ಬಲು ಬಿಡದೆ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದು ವಾದಿಸಿದ್ದರಂತೆ. ನನ್ನ ಇಡೀ ಪದ್ಧತಿ ನಿಂತಿರುವುದು ಈ ಗಡಿಯಾರದ ಮೇಲೆ. ಒಂದು ಸಲಕ್ಕೆ 400 ಮಿ.ಲೀ. ಮೀರಬಾರದು ಎಂದು ನಮ್ಮ ವೈದ್ಯರು ಗೆರೆ ಎಳೆದರು; ಮೀರಿದ ಮರುದಿನ ನಾನು ಇನ್ನೂ ಬೇಗ ನಳಿಕೆ ಹಾಕುತ್ತಿದ್ದೆ, ನೀರನ್ನು ಕಡಿಮೆ ಮಾಡುತ್ತಿರಲಿಲ್ಲ.

ನವೆಂಬರಿನಲ್ಲಿ, ಅರೇಬಿಕಾ ಕೊಯ್ಲು ಆರಂಭವಾದ ವಾರ, ಹಾಸನದಲ್ಲಿ ಎರಡು ದಿನ ಉಳಿದು ಬ್ರದರ್ (ಗಂಡು ನರ್ಸ್) ಒಬ್ಬರ ಕೈಕೆಳಗೆ ಕಲಿತೆ. 14ರ ಅಳತೆಯ, ನೇರ ತುದಿಯ ನೆಲಾಟನ್ ನಳಿಕೆ ಪ್ರಾಸ್ಟೇಟಿನ ಬಳಿ ಪದೇಪದೇ ನಿಂತಿತು. ಅದೇ ಅಳತೆಯ ಬಾಗಿದ ತುದಿಯ ನಳಿಕೆ ಹೋಯಿತು. ಮರಗಟ್ಟಿಸುವ ಜೆಲ್ಲಿಯನ್ನು ಮೂತ್ರನಾಳದೊಳಗೆ ಧಾರಾಳವಾಗಿ ಹಾಕಿ ನಾಲ್ಕು ನಿಮಿಷ ಕಾಯುವುದು ನನಗೆ ಮೊದಲು ಸೋಮಾರಿತನದಂತೆ ಕಂಡು, ಕಾಯದೆ ತಳ್ಳಿ ರಕ್ತ ಬರಿಸಿಕೊಂಡೆ. ತಡೆದಲ್ಲಿ ಬಲ ಹಾಕಬಾರದು. ನಿಂತು, ಉಸಿರು ಬಿಟ್ಟು, ಸ್ನಾಯು ಸಡಿಲವಾಗುವುದನ್ನು ಕಾಯಬೇಕು. ಆ ಕೊನೆಯ ಅಂಗುಲವನ್ನು ದಾಟಿಸಲು ನಾನು ಕಂಡುಕೊಂಡ ಒಂದು ಉಪಾಯವಿದೆ. ಒಬ್ಬೊಬ್ಬರ ಗಡ್ಡೆ ಒಂದೊಂದು ಬಗೆಯಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಸಿಸ್ಟರ್ ಎದುರಿಗೇ ನಿಮ್ಮದನ್ನು ಹುಡುಕಿಕೊಳ್ಳಿ. ಹೊರತೆಗೆಯುವಾಗ ನಿಧಾನ ಮಾಡಿದರೆ ಅರ್ಧದಲ್ಲಿ ಮತ್ತೆ ಹರಿಯುತ್ತದೆ, ಆ ಉಳಿಕೆಯನ್ನು ಬಿಟ್ಟುಬರಬಾರದು. ಮುಂದೊಗಲನ್ನು ಹಿಂದೆ ಸರಿಸಿದ್ದರೆ ಮರೆಯದೆ ಮುಂದಕ್ಕೆ ತರಬೇಕು. ಒಮ್ಮೆ ಮರೆತು ಮಲಗಿ, ಬೆಳಿಗ್ಗೆ ಊದಿಕೊಂಡದ್ದನ್ನು ಕಂಡು ನಡುಗಿದ್ದೇನೆ.

ಲೆಕ್ಕ ಬರೆಯಲು ಮಳೆ ಪುಸ್ತಕವನ್ನೇ ಹಿಡಿದೆ. ಮಳೆಯ ಇಂಚು ಮತ್ತು ಸೆಂಟಿನ (ಇಂಚಿನ ನೂರನೆಯ ಒಂದು ಭಾಗ) ಕಾಲಂಗಳ ಪಕ್ಕದಲ್ಲಿ ಹೊತ್ತು, ತಾನಾಗಿ ಬಂದದ್ದು, ನಳಿಕೆಯಲ್ಲಿ ಉಳಿಕೆ ಬಂದದ್ದು ಎಂದು ಮೂರು ಗೆರೆ. ಮೊದಲ ಹದಿನೈದು ದಿನ ತಾನಾಗಿ ಬಂದದ್ದು ಸೊನ್ನೆ, ಉಳಿಕೆ 350ರಿಂದ 400. ಡಿಸೆಂಬರ್ ಕೊನೆಗೆ ತಾನಾಗಿ ಎಂಬತ್ತರಿಂದ ನೂರು ಮಿ.ಲೀ. ಬಂದ ಬೆಳಿಗ್ಗೆ ಹೆಂಡತಿಯನ್ನು ಕರೆದು ಅಳತೆ ಪಾತ್ರೆಯನ್ನು ತೋರಿಸಿದೆ. ಅವಳು ದೇವರಿಗೆ ದೀಪ ಹಚ್ಚಿದಳು. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದ ವಾರದ ಪುಟದಲ್ಲಿ ಮಳೆ 1 ಇಂಚು 20 ಸೆಂಟು, ಉಳಿಕೆ 120 ಎಂದಿದೆ. ಪುಸ್ತಕ ನೋಡಿ ವೈದ್ಯರು ದಿನಕ್ಕೆ ಎರಡು ಸಲ, ಆಮೇಲೆ ಮಲಗುವ ಮುನ್ನ ಒಂದು ಸಲ ಎಂದು ಇಳಿಸಿದರು. ಕ್ರಿಯಾಟಿನಿನ್ 1.3ಕ್ಕೆ ನಿಂತಿದೆ.

ಲೆಕ್ಕ ಇದ್ದುದರಿಂದ ಕೆಲವು ಪ್ರಯೋಗಗಳನ್ನೂ ಮಾಡಿದೆ. ಬಾಳೆದಿಂಡಿನ ರಸ, ಬಾರ್ಲಿ ನೀರು ಒಂದೊಂದು ತಿಂಗಳು. ಅಷ್ಟೇ ನೀರು ಕುಡಿದ ದಿನಗಳಿಗೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ. ಸಂಜೆ ಐದರ ನಂತರದ ಕಾಫಿ ಮಾತ್ರ ರಾತ್ರಿಯನ್ನು ಖಂಡಿತ ಕೆಡಿಸುತ್ತಿತ್ತು. ಕಾಫಿ ಬೆಳೆದು ಕಾಫಿ ಬಿಟ್ಟವನೆಂದು ಬೆಳೆಗಾರರ ಸಭೆಯಲ್ಲಿ ನಗೆಪಾಟಲಾಗಿದ್ದೇನೆ; ಬೆಳಗಿನ ಒಂದು ಲೋಟ ಉಳಿಸಿಕೊಂಡಿದ್ದೇನೆ. ಮೂರು ದಿನ ಮಲ ಕಟ್ಟಿದರೆ ಉಳಿಕೆ ಇಮ್ಮಡಿಯಾಗುತ್ತದೆ ಎಂಬುದು ಪುಸ್ತಕದಲ್ಲಿ ಎಂಟು ಹತ್ತು ಕಡೆ ಸಿಗುತ್ತದೆ.

ಖರ್ಚು ನಳಿಕೆಯದು. ಒಮ್ಮೆ ಬಳಸಿ ಎಸೆಯಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ದಿನಕ್ಕೆ ಐದು ಎಂದರೆ ತಿಂಗಳಿಗೆ ಹತ್ತು ಸಾವಿರ ಮುಟ್ಟುತ್ತಿತ್ತು. ವೈದ್ಯರ ಒಪ್ಪಿಗೆ ಪಡೆದು, ಸೋಪು ನೀರಿನಲ್ಲಿ ಒಳಗೂ ಹೊರಗೂ ತೊಳೆದು ಒಣಗಿಸಿ, ಒಂದನ್ನು ಕೆಲವು ದಿನ ಬಳಸಿದೆ. ಬೇಸಿಗೆಯಲ್ಲಿ ಇದು ನಡೆಯಿತು. ಜೂನ್ ಬಂದ ಮೇಲೆ ನಮ್ಮಲ್ಲಿ ಪಂಚೆಯೇ ವಾರಗಟ್ಟಲೆ ಒಣಗದಿರುವಾಗ ನಳಿಕೆ ಒಣಗುವುದುಂಟೇ! ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದೆ. ಒಂದು ಬಿಸಿಗೆ ಬಗ್ಗಿತು, ಇನ್ನೊಂದಕ್ಕೆ ಮಸಿ ಹಿಡಿಯಿತು. ಮೂರನೆಯದನ್ನು ಹಸಿಯಾಗಿಯೇ ಬಳಸಿದ್ದಕ್ಕೆ ಇರಬೇಕು, ಚಳಿ ಬಂದು 102 ಡಿಗ್ರಿ ಜ್ವರ. ಅದೊಂದೇ ಸಲ ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ (ಕ್ರಿಮಿ ಪರೀಕ್ಷೆ) ಮಾಡಿಸಿ ಏಳು ದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡೆ. ಜ್ವರ ನೋವುಗಳಿಲ್ಲದಾಗ ವರದಿಯಲ್ಲಿ ಕೀವುಕಣ ಕಂಡಿತೆಂದು ಮಾತ್ರೆ ನುಂಗುವುದನ್ನು ತಜ್ಞರ ಮಾತಿನಂತೆ ಮೊದಲೇ ಬಿಟ್ಟಿದ್ದೆ. ಆ ಮಳೆಗಾಲದಿಂದ ಪ್ರತಿ ಸಲಕ್ಕೂ ಹೊಸ ನಳಿಕೆ. ಮಂಗಳೂರಿನ ಸಗಟು ಅಂಗಡಿಯೊಂದರಿಂದ ನೂರರ ಡಬ್ಬಿ ತರಿಸಿದರೆ ಅರ್ಧದಷ್ಟು ಬೆಲೆಗೆ ಸಿಗುತ್ತದೆ. ಅಂಗಡಿಯ ಗುಟ್ಟು ನನ್ನಲ್ಲೇ ಇರಲಿ, ಎಲ್ಲರೂ ಹೋದರೆ ಬೆಲೆ ಏರಿಸುತ್ತಾನೆ.

ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ. ಮೂತ್ರ ನಿಲ್ಲುವುದರ ಜೊತೆಗೆ ಬೆನ್ನುನೋವು, ಕಾಲಿನಲ್ಲಿ ಬಲಹೀನತೆ ಅಥವಾ ಜೋಮು ಕಂಡರೆ ಅದು ಮೂಳೆಗೆ ಹರಡಿದ ಕ್ಯಾನ್ಸರ್ ಬೆನ್ನುಹುರಿಯನ್ನು ಅದುಮಿದ ಲಕ್ಷಣವಿರಬಹುದು, ನಳಿಕೆ ಹಾಕಿಕೊಂಡು ಕೂರದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮಗನಿಗೂ ರೈಟರಿಗೂ ಅದನ್ನು ಓದಿ ಹೇಳಿದ್ದೇನೆ.

ಎರಡಕ್ಕೆ ಇಳಿದಿದ್ದ ಪಿ.ಎಸ್.ಎ. ಕಳೆದ ಪರೀಕ್ಷೆಯಲ್ಲಿ ಆರಕ್ಕೆ ಏರಿದೆ; ಹಾರ್ಮೋನನ್ನು ಇನ್ನಷ್ಟು ಇಳಿಸುವ ಅಬಿರಾಟೆರೋನ್ ಮಾತ್ರೆ ಶುರುಮಾಡುವ ಮಾತು ನಡೆದಿದೆ. ಗಡ್ಡೆ ಮತ್ತೆ ಬೆಳೆದರೆ ದಾರಿ ಮತ್ತೆ ಮುಚ್ಚಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಬೀರುವಿನಲ್ಲಿ 16ರ ಸಿಲಿಕೋನ್ ನಳಿಕೆಯೊಂದನ್ನು ತೆಗೆದಿರಿಸಿದ್ದೇನೆ. ರೋಬಸ್ಟಾ ಕೊಯ್ಲಿನ ಗಲಾಟೆಯ ನಡುವೆಯೂ ಹೊಸ ವರ್ಷದ ಪುಸ್ತಕಕ್ಕೆ ಗೆರೆ ಎಳೆದಾಯಿತು. ನಿನ್ನೆಯ ಸಾಲು: ಮಳೆ ಇಲ್ಲ, ಉಳಿಕೆ 70.