ನೀವೇ ಬರೆದ ಸಾಲ್ವರ್ ಅನ್ನು ಲ್ಯಾಪ್ಯಾಕ್ ಜೊತೆ ತಾಳೆ ನೋಡುವುದು ಹೇಗೆ?

ಸಮೀಕರಣಗಳನ್ನು ಬಿಡಿಸುವ ಸಾಲ್ವರ್ ಬರೆದಿದ್ದೀರಿ. ತಾಳೆ ನೋಡಲು 1992ರಿಂದ ಜನ ನೆಚ್ಚಿಕೊಂಡಿರುವ, ಇಂಥ ಲೆಕ್ಕಗಳ ಸಿದ್ಧ ಕೋಡ್ ಸಂಗ್ರಹವಾದ ಲ್ಯಾಪ್ಯಾಕ್ ಇದೆ, ಪೈಥಾನ್‌ನಲ್ಲಿ ನಂಪೈ ಎಂಬ ಲೈಬ್ರರಿಯ ಸಾಲ್ವ್ ಕರೆದರೆ ಒಳಗೆ ಕೆಲಸ ಮಾಡುವುದು ಅದೇ.

ಎರಡು ಉತ್ತರಗಳೂ ಸಮ ಇವೆಯಾ ಅಂತ ಮಾತ್ರ ಕೇಳಬೇಡಿ. 0.1, 0.2, 0.3 ಇವನ್ನು ಎಡದಿಂದ ಕೂಡಿದರೆ 0.6000000000000001, ಬಲದಿಂದ ಕೂಡಿದರೆ 0.6. ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗುತ್ತದೆ, ಅಷ್ಟೇ.

ಸಣ್ಣ ವ್ಯತ್ಯಾಸಕ್ಕೆ ಸ್ವಲ್ಪ ಸಡಿಲ ಬಿಟ್ಟರೆ? ಅದೂ ಸಾಲದು. 12×12ರ ಹಿಲ್ಬರ್ಟ್ ಮ್ಯಾಟ್ರಿಕ್ಸ್ (1, 1/2, 1/3 ಇಂಥ ಭಿನ್ನರಾಶಿಗಳು ತುಂಬಿದ ಕೋಷ್ಟಕ) ಕೊಟ್ಟು ನೋಡಿ. ಅದರ ಕಂಡೀಷನ್ ನಂಬರ್ (ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂಬ ಅಳತೆ) 10¹⁶ರ ಆಸುಪಾಸು, ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಡಬಲ್‌ನಲ್ಲಿ ಇರುವುದೇ ಸುಮಾರು 16 ಅಂಕಿ, ಹಾಗಾಗಿ ನಿಮ್ಮ ಉತ್ತರ ಮತ್ತು ಲ್ಯಾಪ್ಯಾಕ್ ಉತ್ತರ ಮೊದಲ ಒಂದೆರಡು ಅಂಕಿಯಲ್ಲೇ ಬೇರೆಯಾಗಬಹುದು, ಆದರೂ ಎರಡೂ ಕೋಡ್ ಸರಿಯಾಗಿರಬಹುದು. ಇಲ್ಲದ ಬಗ್ ಹುಡುಕುತ್ತಾ ಸುಮ್ನೆ ದಿನ ಕಳೆಯುವುದು ಇಲ್ಲೇ.

ಉತ್ತರವನ್ನು ವಾಪಸ್ ಸಮೀಕರಣಕ್ಕೇ ಹಾಕಿ. ಎಡಬದಿಗೂ ಬಲಬದಿಗೂ ಉಳಿದ ವ್ಯತ್ಯಾಸದ ನಾರ್ಮ್ (ಒಟ್ಟಾರೆ ಗಾತ್ರ) ತೆಗೆದುಕೊಂಡು, ಅದನ್ನು ಮ್ಯಾಟ್ರಿಕ್ಸ್‌ನ ನಾರ್ಮ್, ಉತ್ತರದ ನಾರ್ಮ್, ಮಷೀನ್ ಎಪ್ಸಿಲಾನ್ (1ಕ್ಕೂ ಅದರ ಮುಂದಿನ ಡಬಲ್ ಸಂಖ್ಯೆಗೂ ಇರುವ ಅಂತರ, ಸುಮಾರು 2.2×10⁻¹⁶) ಈ ಮೂರರ ಗುಣಲಬ್ಧದಿಂದ ಭಾಗಿಸಿ. ಲ್ಯಾಪ್ಯಾಕ್‌ನ ಸ್ವಂತ ಟೆಸ್ಟ್‌ಗಳೂ ಇಂಥದ್ದೇ ಅನುಪಾತ ನೋಡುತ್ತವೆ, ಅಲ್ಲಿ ಮಿತಿ 30. ಅದೇ ಲೆಕ್ಕವನ್ನು ಲ್ಯಾಪ್ಯಾಕ್ ಉತ್ತರಕ್ಕೂ ಮಾಡಿ ಪಕ್ಕಪಕ್ಕ ಇಡಿ. ಅದರದ್ದು 1ರ ಒಳಗಿದ್ದು ನಿಮ್ಮದು 400 ಬಂದರೆ ಆಗ ಕೋಡ್ ತೆರೆದು ಕೂರಿ.

ಪಿವೋಟಿಂಗ್ (ಭಾಗಿಸುವ ಸಂಖ್ಯೆ ತೀರಾ ಚಿಕ್ಕದಾಗದಂತೆ ಸಾಲು ಅದಲುಬದಲು ಮಾಡುವುದು) ಬಿಟ್ಟುಹೋಗಿದ್ದರೆ ಹಿಡಿಯಲು ನನಗೆ ಇಷ್ಟವಾದ ಟೆಸ್ಟ್ ಇದು: ಮೊದಲ ಸಾಲು 10⁻²⁰ ಮತ್ತು 1, ಎರಡನೇ ಸಾಲು 1 ಮತ್ತು 1, ಬಲಬದಿಯಲ್ಲಿ 1, 2. ಸರಿ ಉತ್ತರ ಹೆಚ್ಚುಕಡಿಮೆ (1, 1). ಸಾಲು ಅದಲುಬದಲು ಮಾಡದ ಕೋಡ್ (0, 1) ಕೊಡುತ್ತದೆ. ಒಂದು ಎಚ್ಚರಿಕೆಯ ಮಾತಿಲ್ಲ, ನೋಡಲು ಚೆಂದದ ಉತ್ತರ ಬೇರೆ! ಅನುಪಾತ ಮಾತ್ರ 10¹⁵ಕ್ಕೆ ಹಾರುತ್ತದೆ.

ಹಿಲ್ಬರ್ಟ್ ಒಂದನ್ನೇ ನಂಬಬೇಡಿ, ಅದು ಸಿಮೆಟ್ರಿಕ್ (ಸಾಲು, ಕಾಲಮ್ ಅದಲುಬದಲಾದರೂ ಅದೇ) ಅಲ್ವಾ? ಫೋರ್ಟ್ರಾನ್ ಭಾಷೆ ಮ್ಯಾಟ್ರಿಕ್ಸನ್ನು ಮೆಮೊರಿಯಲ್ಲಿ ಕಾಲಮ್ ಪ್ರಕಾರ ಇಡುತ್ತದೆ, ಸಿ ಸಾಲಿನ ಪ್ರಕಾರ. ನೀವು ಆ ಕ್ರಮವನ್ನು ತಿರುವುಮುರುವು ಮಾಡಿದ್ದರೂ ಅಲ್ಲಿ ಗೊತ್ತಾಗುವುದಿಲ್ಲ. ರ‍್ಯಾಂಡಮ್ ಮ್ಯಾಟ್ರಿಕ್ಸ್‌ಗಳನ್ನೂ ಸೇರಿಸಿ, ಅವನ್ನೇ ಮತ್ತೆ ಪಡೆಯಲು ಸೀಡ್ (ಶುರುವಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ವ್ಯತ್ಯಾಸದ ಲೆಕ್ಕವನ್ನು ನಿಮ್ಮ ಕೋಡ್‌ನಲ್ಲಿ ಮಾಡದೆ ನಂಪೈನಲ್ಲೇ ಮಾಡಿ. ಇಲ್ಲದಿದ್ದರೆ ಒಂದೇ ತಪ್ಪು ಎರಡೂ ಕಡೆ ಸೇರಿಕೊಂಡು ಟೆಸ್ಟ್ ಪಾಸಾಗುತ್ತದೆ.