ನೆನಪಿನ ಹೂವಿಗೆ ಗಿಡ ಹುಡುಕುವುದು: ನನ್ನ ಅನುಭವ

"ಬೇಸಿಗೆ ರಜದಲ್ಲಿ ಬೆಟ್ಟ ಹತ್ತುವಾಗ ಘಮ್ಮೆನ್ನುತ್ತಿತ್ತು, ಬಿಳಿ ಹೂ, ಮಲ್ಲಿಗೆ ಥರ." ಚಾಮುಂಡಿ ಬೆಟ್ಟವಿರಲಿ, ಕರಿಘಟ್ಟವಿರಲಿ, ಮೇಲುಕೋಟೆಯಿರಲಿ, ಗಿಡದ ಹೆಸರು ಕೇಳುವವರ ವಿವರಣೆ ಹೆಚ್ಚುಕಡಿಮೆ ಇಷ್ಟೇ. ಮೈಸೂರು, ಮಂಡ್ಯ ಕಡೆಯ ಕುರುಚಲು ಕಾಡಿನಲ್ಲಿ ಈ ಮಾತಿಗೆ ಹೊಂದುವ ಗಿಡಗಳು ಕಡೇಪಕ್ಷ ಐದಿವೆ: ಕವಳಿ, ಮಂಗಾರೆ, ಬಿಕ್ಕೆ, ಪಾವಟೆ, ಕಾಡುಮಲ್ಲಿಗೆ. ಅದಕ್ಕೇ ನಾನು ವಾಸನೆಯ ವಿಚಾರವನ್ನು ಕೊನೆಗಿಡುತ್ತೇನೆ. ನಮ್ಮ ಕಡೆ ಬಿಳಿ ಹೂ ಏನೇ ಘಮಗುಟ್ಟಿದರೂ ಹೋಲಿಕೆ ಮಲ್ಲಿಗೆಗೇ. ಎಸಳೆಷ್ಟು ಎಂದರೆ ಎಲ್ಲರ ಉತ್ತರವೂ ಐದು, ಅದನ್ನೂ ನೆಚ್ಚುವುದಿಲ್ಲ. ಕೈಗೆ, ಬಾಯಿಗೆ ಏನಾಗಿತ್ತು ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಮೊದಲ ಪ್ರಶ್ನೆ, ಎಲೆ ಮುರಿದಾಗ ಹಾಲು ಬರುತ್ತಿತ್ತೇ? ಈ ಐದರಲ್ಲಿ ಬಿಳಿ ಹಾಲು ಇರುವುದು ಕವಳಿಗೆ ಮಾತ್ರ. ಕೆಲವರು ಅದನ್ನೇ ಗರ್ಜಿ ಎನ್ನುತ್ತಾರೆ. ಆದರೆ ಬೇಸಿಗೆಯಲ್ಲಿ ಬಲಿತ, ಒಣಗಿದ ರೆಂಬೆ ಮುರಿದರೆ ಹಾಲು ಕಾಣದೆಯೂ ಇರಬಹುದು. ಆಗ ಕಾಯಿಯ ಬಗ್ಗೆ ಕೇಳಬೇಕು. ಕವಳಿಯ ಎಳೆಕಾಯಿ ಕಚ್ಚಿದವರಿಗೆ ತುಟಿಗೆ ಅಂಟು ಹತ್ತಿದ್ದು ನೆನಪಿರುತ್ತದೆ, ಕಪ್ಪಾದ ಹಣ್ಣಿನ ರಸದಿಂದ ಬೆರಳು ಕೆಂಪಾದದ್ದೂ.

ಹಾಲಿಲ್ಲ, ಮುಳ್ಳಿತ್ತು ಎಂದರೆ ಮಂಗಾರೆ ಇರಬಹುದು. ಇದರ ಹಣ್ಣು ಪುಟ್ಟ ಸೀಬೆಕಾಯಿಯಂತೆ ಹಳದಿ, ತುದಿಯಲ್ಲಿ ಹೂವಿನ ಪುಷ್ಪಪಾತ್ರೆ, ಅಂದರೆ ಎಸಳುಗಳ ಬುಡದ ಹಸಿರು ಬಟ್ಟಲು, ಕಿರೀಟದ ಹಾಗೆ ಉಳಿದಿರುತ್ತದೆ. ಹೆಸರಿನ ಗೊಂದಲ ಹೆಚ್ಚಾಗಿ ಇಲ್ಲೇ. ಬರೀ 'ಕಾರೆ' ಎಂದರೆ ಮಕ್ಕಳು ತಿನ್ನುವ ಕಾರೆಹಣ್ಣೂ ಆಗಬಹುದು, ವಾಂತಿ ಬರಿಸುವ ಮಂಗಾರೆಯೂ ಆಗಬಹುದು. ಹೆಸರು ನಂಬಿ ಯಾವ ಹಣ್ಣನ್ನೂ ಬಾಯಿಗೆ ಹಾಕಬೇಡಿ.

ಇನ್ನೊಂದು ಒಳ್ಳೆಯ ಪ್ರಶ್ನೆ, ಬಾಡುವಾಗ ಹೂ ಯಾವ ಬಣ್ಣಕ್ಕೆ ತಿರುಗುತ್ತಿತ್ತು? ಮಂಗಾರೆ, ಬಿಕ್ಕೆ ಎರಡೂ ಬೆಳ್ಳಗೆ ಅರಳಿ ಹಳದಿಯಾಗುತ್ತವೆ. ಬಿಕ್ಕೆಗೆ ಮುಳ್ಳಿಲ್ಲ, ಚಿಗುರಿನ ತುದಿಯಲ್ಲಿ ಹಳದಿ ಅಂಟು ಮೆತ್ತಿಕೊಂಡಿರುತ್ತದೆ. ಪಾವಟೆ ಸುಲಭ: ಗೊಂಚಲು ಹೂ, ನಾಲ್ಕೇ ಎಸಳು, ಪ್ರತಿ ಹೂವಿನಿಂದಲೂ ಉದ್ದನೆಯ ದಾರದಂಥ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಹೊರಚಾಚಿರುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಕಪ್ಪು ಚುಕ್ಕಿ. ಅವು ಎಲೆಯೊಳಗೇ ವಾಸಿಸುವ ಬ್ಯಾಕ್ಟೀರಿಯಾದ ಗಂಟುಗಳು, ರೋಗವಲ್ಲ.

ಇಷ್ಟರಿಂದ ಒಂದೆರಡು ಹೆಸರು ಉಳಿಯುತ್ತವೆ. ಖಾತರಿ ಮಾಡಿಕೊಳ್ಳಲು ಹೂ ಬಿಡುವ ತಿಂಗಳಲ್ಲೇ ಸ್ಥಳಕ್ಕೆ ಹೋಗಬೇಕು. ಮಾರ್ಚ್‌ನಿಂದ ಮೇ ಒಳಗೆ ಒಂದೆರಡು ಸಲ ಹೋದರೆ ಕವಳಿ ಹೂ ಸಿಗುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ, ಒಂದು ಬ್ಲೇಡು ಸಾಕು. ಉದುರಿದ ಹೂವೊಂದನ್ನು ಎತ್ತಿಕೊಂಡು ಅದರ ಕೊಳವೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಕೇಸರ (ಪರಾಗ ಬಿಡುವ ಗಂಡು ಭಾಗ) ಎಣಿಸಿ. ಎರಡಿದ್ದರೆ ಮಲ್ಲಿಗೆಯ ಜಾತಿ, ಕವಳಿಯಲ್ಲಾದರೆ ಐದಿರುತ್ತವೆ. ಎಸಳು ಎಣಿಸಿ ತೀರ್ಮಾನಿಸಲು ಹೋದರೆ ಕೆಡುತ್ತದೆ, ಕಾಡುಮಲ್ಲಿಗೆಯಲ್ಲಿ ಒಂದೇ ಬಳ್ಳಿಯಲ್ಲೂ ಎಸಳಿನ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ. ಫೋಟೊ ತೆಗೆಯುವಾಗ ಬರೀ ಹೂವಿನ ಮುಖ ಬೇಡ. ಎಲೆಯ ಹಿಂಬದಿ, ಗೆಣ್ಣು, ಮೊಗ್ಗು, ಪಕ್ಕದಿಂದ ಕಾಣುವ ಹೂವಿನ ಕೊಳವೆ, ಇವೆಲ್ಲ ಬೇಕು.

ಹೇಳಿದವರ ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ, ಅಂದರೆ ಮುಳ್ಳೂ ಇತ್ತು, ಕಪ್ಪು ಹಣ್ಣೂ ಇತ್ತು, ಆದರೆ ಹೂವಿಗೆ ಏಳೆಂಟು ಸಪೂರ ಎಸಳು ಎಂದರೆ, ಅವರ ನೆನಪು ತಪ್ಪೆಂದು ತಳ್ಳಿಹಾಕಬೇಡಿ. ಕಾಡುಮಲ್ಲಿಗೆ ಬಳ್ಳಿ ಕವಳಿ ಪೊದೆಯ ಮೇಲೇ ಹಬ್ಬಿರುತ್ತದೆ. ಹೂ ಒಂದರದ್ದು, ಮುಳ್ಳು ಇನ್ನೊಂದರದ್ದು. ಹೂವಿನ ತೊಟ್ಟಿನಿಂದ ಹಿಡಿದು ಕಾಂಡದ ಮೇಲೆ ಬೆರಳಿಟ್ಟುಕೊಂಡು ನೆಲದವರೆಗೂ ಹೋಗಿ. ಎರಡು ಬುಡ ಕಾಣುತ್ತವೆ.