ಕೆಳತುಟಿಯ ಕುಳಿ ನೋಡಿ ಐಆರ್‌ಎಫ್6 ಜೀನ್ ಹಿಡಿದದ್ದು: ಕುಮಾಸಿಯಲ್ಲಿ ನನ್ನ ಅನುಭವ

"ಕೆನ್ನೆಯ ಸ್ವಾಬ್ ನೆಚ್ಚಿಕೊಂಡು ಸೀಕ್ವೆನ್ಸಿಂಗ್ ಮಾಡ್ತೀರಾ? ರಕ್ತ ತನ್ನಿ" ಅಂತ ಎರಡು ವರ್ಷ ಹೇಳಿಸಿಕೊಂಡೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ತೆಗೆದ ಸ್ವಾಬ್‌ನಿಂದಲೇ ಡಿಎನ್‌ಎಯ ಅಕ್ಷರ ಓದುವುದು ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಘಾನಾದ ಕುಮಾಸಿಯಲ್ಲಿ ಸೀಳುತುಟಿ ಮಕ್ಕಳ ಡಿಎನ್‌ಎ ಕೆಲಸ ನನ್ನದು. ತೂಕವೇ ಏರದ ಮೂರು ತಿಂಗಳ ಕೂಸಿನ ರಕ್ತ ಕೊಡಲು ಯಾವ ತಾಯಿ ಒಪ್ಪುತ್ತಾಳೆ? ಮೊದಲ ಮೂವತ್ತು ಚಿಲ್ಲರೆ ಸ್ವಾಬ್ ಹಾಳಾದವು. ಅರ್ಧಕ್ಕೆ ಬೂಷ್ಟು. ಶೂ ಡಬ್ಬಿಯ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ಲಕೋಟೆಗೆ ಹಾಕತೊಡಗಿದ ಮೇಲೆ ಆ ಕಾಟ ನಿಂತಿತು. ಉಳಿದರ್ಧದಲ್ಲಿ ಮಗುವಿನ ಪೀಕ್ (ಡಿಎನ್‌ಎಯ ಒಂದೊಂದು ಅಕ್ಷರಕ್ಕೆ ಯಂತ್ರ ಬಿಡಿಸುವ ಏರು) ಕೆಳಗೆ ಇನ್ನೊಂದು ಕುಳ್ಳ ಪೀಕ್. ಡಿಎನ್‌ಎ ನಕಲು ಶುರುಮಾಡಿಸುವ ಪ್ರೈಮರ್ ಬದಲಿಸಿದೆ, ಕಿಟ್ ಬದಲಿಸಿದೆ. ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿ ಹೋಯಿತು. ಕೊನೆಗೆ ನೋಡಿದರೆ ಎದೆಹಾಲು! ಅಂಗುಳ ಸೀಳಿದ ಮಗುವಿನ ಬಾಯಿ, ಮೂಗಿನಲ್ಲೆಲ್ಲ ಹಾಲು ಉಳಿದಿರುತ್ತದೆ, ಹಾಲಿನಲ್ಲಿ ತಾಯಿಯ ಜೀವಕೋಶ. ಈಗ ಹಾಲು ಕುಡಿಸಿ ಒಂದು ಗಂಟೆ ಕಾಯುತ್ತೇನೆ, ಒದ್ದೆ ಗಾಜ್ ಬಟ್ಟೆಯಲ್ಲಿ ಬಾಯಿ ಒರೆಸಿಯೇ ಸ್ವಾಬ್ ಹಾಕುತ್ತೇನೆ.

ನಡುವೆ 8ಕ್ಯೂ24 (ಎಂಟನೇ ಕ್ರೋಮೋಸೋಮಿನಲ್ಲಿ ಸೀಳುತುಟಿಗೆ ತಳಕು ಹಾಕಿಕೊಂಡ ಒಂದು ಜಾಗ) ಹಿಂದೆ ಒಂದು ಮಳೆಗಾಲ ಕಳೆದೆ. 2009ರಲ್ಲಿ ಜರ್ಮನಿಯಲ್ಲಿ ಸಿಕ್ಕ ಡಿಎನ್‌ಎ ಗುರುತನ್ನೇ ಇಲ್ಲಿ ಹುಡುಕಿದ್ದು ತಪ್ಪಾಯಿತು. ಆಫ್ರಿಕನ್ನರಲ್ಲಿ ಒಟ್ಟಿಗೆ ಇಳಿದುಬರುವ ಜೀನೋಮ್ ತುಂಡುಗಳು ಗಿಡ್ಡ. ಅಲ್ಲಿನ ಗುರುತು ಇಲ್ಲಿ ಕಾರಣದ ಜತೆಗಿರಬೇಕೆಂದಿಲ್ಲ. ಜಾಗವೇನೋ ನಿಜ. ಘಾನಾ, ನೈಜೀರಿಯಾ, ಇಥಿಯೋಪಿಯಾ ಸೇರಿಸಿ ಮಾಡಿದ 2019ರ ಅಧ್ಯಯನದಲ್ಲಿ ಅದು ಎದ್ದುಬಂತು, ಬರೀ ಅಂಗುಳ ಸೀಳಿಗೆ ಸಿಟಿಎನ್‌ಎನ್‌ಎ2 ಜೀನಿನ ಹತ್ತಿರ ಹೊಸ ಜಾಗವೂ ಸಿಕ್ಕಿತು. ಅದಕ್ಕೆ ಸಾವಿರಾರು ಜನ ಬೇಕು, ಲಕ್ಷಾಂತರ ಗುರುತು ಒಟ್ಟಿಗೆ ನೋಡುವ ಚಿಪ್ ಬೇಕು. ನನ್ನ ಬಳಿ ಡಿಎನ್‌ಎ ತುಂಡಿನ ನಕಲು ತೆಗೆಯುವ ಒಂದು ಪಿಸಿಆರ್ ಯಂತ್ರ, ಅದೂ ಕರೆಂಟ್ ಇದ್ದಾಗ.

ಹಾಗಾಗಿ ಕೆಟ್ಟರೆ ತುಟಿ, ಅಂಗುಳ ಸೀಳಬಲ್ಲ ಐಆರ್‌ಎಫ್6 ಜೀನ್ ಒಂದನ್ನೇ ಹಿಡಿದೆ. ಅದರಲ್ಲೂ ಪ್ರೋಟೀನಿನ ಸೂತ್ರ ಹೊತ್ತ ತುಂಡುಗಳು: ಎಕ್ಸಾನ್ 3, 4, 7, 8, 9, ಅಷ್ಟೇ. ಒಂದು ಎಕ್ಸಾನ್ ತುಂಬ ಸತಾಯಿಸಿತು. ಹಟಮಾರಿ ಡಿಎನ್‌ಎ ಬಿಚ್ಚಿಕೊಳ್ಳಲು ಹಾಕುವ ಡಿಎಂಎಸ್‌ಓ ದ್ರವ ಎಷ್ಟು ಹಾಕಿ ಒಲಿಸಿಕೊಂಡೆ ಅನ್ನುವುದು ನನ್ನ ಬಳಿಯೇ ಇರಲಿ.

ಯಾವ ಮನೆಯವರ ಮೇಲೆ ಹಣ ಹಾಕಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಮಗುವನ್ನು ಬಿಟ್ಟು ತಾಯಿಯ ಕೆಳತುಟಿಗೆ ಟಾರ್ಚ್ ಹಿಡಿಯಿರಿ. ಒಬ್ಬ ತಾಯಿಗೆ ನಡುಗೆರೆಯ ಎರಡೂ ಪಕ್ಕ ಗುಂಡುಸೂಜಿ ತಲೆಯಷ್ಟು ಕುಳಿ. ಒತ್ತಿದರೆ ಜೊಲ್ಲಿನ ಹನಿ ಜಿನುಗಿತು. "ಹುಟ್ಟಿದಾಗಿಂದ ಇದೆ, ನಮ್ಮಪ್ಪನಿಗೂ ಇತ್ತು" ಅಂದಳು. ಫೈಲಿನಲ್ಲಿ 'ಬೇರೆ ತೊಂದರೆ ಇಲ್ಲ' ಎಂದಿತ್ತು. ಹೆಚ್ಚಾಗಿ ಐಆರ್‌ಎಫ್6 ಕೆಟ್ಟು ಬರುವ, ತುಟಿ ಕುಳಿಯೂ ಸೀಳೂ ಮನೆತನದಲ್ಲಿ ಇಳಿದುಬರುವ ವಾನ್ ಡರ್ ವೂಡೆ ಸಿಂಡ್ರೋಮ್ ಎದುರಿಗೇ ಕೂತಿತ್ತು!

ಎಕ್ಸಾನ್ 4ರಲ್ಲಿ ತಾಯಿಗೂ ಮಗುವಿಗೂ ಒಂದೇ ಕಡೆ ಜೋಡಿ ಪೀಕ್ ಬಂತು, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರ ಅಕ್ಷರ ಬೇರೆ. ತಂದೆಗೆ ಇಲ್ಲ. ಮತ್ತೆ ಹಾಲೇ ಇರಬಹುದೆಂದು ಎರಡನೇ ಸ್ವಾಬ್ ತೆಗೆದು ಓಡಿಸಿದೆ. ಈ ಸಲವೂ ಎರಡು ಪೀಕ್, ಎರಡೂ ಸಮ ಎತ್ತರ. ಹಾಲಾಗಿದ್ದರೆ ಒಂದು ಕುಳ್ಳಗಿರುತ್ತಿತ್ತು. ಇದು ಮಗುವಿನದೇ.